ಮುರಕಲ್ಲಿನ ಮೈ

ಏಳನೆಯ ತರಗತಿಯ ಹುಡುಗನೊಬ್ಬ ಮುರಕಲ್ಲಿನ ಚಿತ್ರ ಬರೆದಿದ್ದ. ಅಡಿಕೋಲಿಟ್ಟು ಎಳೆದ ಆಯತ, ಒಳಗೆಲ್ಲ ಕೆಂಪು. "ಇದು ಕಲ್ಲೋ, ಸಾಬೂನೋ?" ಎಂದೆ. ತರಗತಿ ನಕ್ಕಿತು. ಆಮೇಲೆ ಅವನು ಬಣ್ಣದ ಪೆಟ್ಟಿಗೆ ತರುವುದನ್ನೇ ಬಿಟ್ಟ. ತಪ್ಪು ನನ್ನದು, ಕಲ್ಲನ್ನು ನೋಡಲು ಹೇಳಿದ್ದೆ, ಮುಟ್ಟಲು ಹೇಳಿರಲಿಲ್ಲ.

ಮರುವಾರ ಎಲ್ಲರನ್ನೂ ಆವರಣದ ಗೋಡೆಯ ಬಳಿಗೆ ಕರೆದೊಯ್ದೆ. ಬಂಟ್ವಾಳದಲ್ಲಿ ಸಾರಣೆ ಕಾಣದ ಮುರಕಲ್ಲಿನ ಗೋಡೆಗೇನು ಬರ! ತೆಳು ಕಾಗದವನ್ನು ಒತ್ತಿಹಿಡಿದು ಪೆನ್ಸಿಲನ್ನು ಮಲಗಿಸಿ ಉಜ್ಜಿದರು. ಉಬ್ಬುಗಳು ಕಪ್ಪಾದವು, ತೂತುಗಳು ಬೆಳ್ಳಗೆ ಉಳಿದವು. ಜರ್ಮನಿಯ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ಹಲಗೆಯ ನೆಲವನ್ನು ಹೀಗೆಯೇ ಉಜ್ಜಿ ಚಿತ್ರ ಮಾಡಿದ್ದ. ನಮ್ಮ ಕಲ್ಲಿಗೆ ಈ ಮೈ ಕೊಟ್ಟದ್ದು ಮಳೆ. ಅದು ಸಿಲಿಕಾವನ್ನು ತೊಳೆದೊಯ್ಯುತ್ತದೆ. ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳು ಉಳಿಯುತ್ತವೆ.

ಉಜ್ಜಿದ್ದಷ್ಟೇ ಚಿತ್ರವಲ್ಲ. ಓರೆ ಬಿಸಿಲಿನಲ್ಲಿ ನೋಡಿ: ತೂತಿನೊಳಗೆ ನೆರಳು ಬೀಳುವುದು ಬೆಳಕು ಬರುವ ಕಡೆಯ ಅಂಚಿನಲ್ಲಿ. ಅಷ್ಟನ್ನು ಕಪ್ಪಾಗಿಸಿದರೆ ಕಾಗದದಲ್ಲೂ ತೂತು ಬೀಳುತ್ತದೆ!

ಆಮೇಲೆ ಕೊಲಾಜ್. ಅಡಿಕೆ ಹಾಳೆ, ತೆಂಗಿನ ನಾರು, ಗೋಂದಿನ ಮೇಲೆ ಮರಳು. "ಕಸ ಅಂಟಿಸಿದರೆ ಮಾರ್ಕು ಬರ್ತದಾ ಮಾಸ್ಟ್ರೇ?" ಎಂದು ಒಬ್ಬ ತಂದೆ ಕೇಳಿದರು. ಬರುವುದಿಲ್ಲ ಎಂದೆ. ಅಷ್ಟರಲ್ಲಿ ಆ ಹುಡುಗ ಕಲ್ಲಿನ ಪುಡಿ ಉದುರಿಸಿದ ಹಾಳೆಯನ್ನು ಅವರ ಕೈಗಿತ್ತ. ಅವರು ಮಾತು ನಿಲ್ಲಿಸಿ ಅದರ ಮೇಲೆ ಬೆರಳಾಡಿಸಿದರು.