ಭಾವವಿಲ್ಲದ ಮಾತೋ, ಭಾವವನ್ನು ತಡೆದ ಮಾತೋ?



ಒಮ್ಮೆ ಇಂಗ್ಲಿಷ್ ಪಾಠದಲ್ಲಿ ‘ಮ್ಯಾಟರ್-ಆಫ್-ಫ್ಯಾಕ್ಟ್ಲಿ’ ಎಂಬ ಕ್ರಿಯಾವಿಶೇಷಣವು ಬಂದಿತು. ಕಥೆಯಲ್ಲಿನ ಬಾಲಕಿಯೊಬ್ಬಳು ತನ್ನ ತಾಯಿ ತೀರಿಕೊಂಡಳೆಂಬುದನ್ನು ಆ ರೀತಿಯಲ್ಲಿ ಹೇಳುತ್ತಾಳೆ. ಕನ್ನಡಿಸಿರೆಂದು ಕೇಳಿದಾಗ ಬಹುಮಂದಿ ‘ಭಾವಶೂನ್ಯಳಾಗಿ ನುಡಿದಳು’ ಎಂದು ಬರೆದರು. ಒಬ್ಬನಂತೂ ‘ಕಲ್ಲೆದೆಯಿಂದ ನುಡಿದಳು’ ಎಂದುಬಿಟ್ಟನು. ಒಂದು ಪದದ ದೆಸೆಯಿಂದ ಆ ಬಾಲಕಿಗೆ ಅನ್ಯಾಯವಾಯಿತೆಂದೇ ನನ್ನ ಅಭಿಪ್ರಾಯ.

ಈ ಪದದ ಬೇರು ಇಂಗ್ಲೆಂಡಿನ ನ್ಯಾಯಾಲಯದಲ್ಲಿದೆ. ಅಲ್ಲಿ ನಡೆದುದೇನೆಂಬ ಪ್ರಶ್ನೆಗೆ ‘ಮ್ಯಾಟರ್ ಆಫ್ ಫ್ಯಾಕ್ಟ್’ ಎಂದೂ, ಅದಕ್ಕೆ ಅನ್ವಯಿಸುವ ಕಾನೂನು ಯಾವುದೆಂಬ ಪ್ರಶ್ನೆಗೆ ‘ಮ್ಯಾಟರ್ ಆಫ್ ಲಾ’ ಎಂದೂ ಹೆಸರು. ಕಂಡುದನ್ನು ಕಂಡಂತೆ ಹೇಳುವುದು ಸಾಕ್ಷಿಯ ಧರ್ಮ. ಹಾಗೆಂದು ಸಾಕ್ಷಿಗೆ ಹೃದಯವಿಲ್ಲವೆಂದು ಯಾರೂ ತಿಳಿಯರು. ಈ ಕ್ರಿಯಾವಿಶೇಷಣವು ಹೇಳಿದ ಬಗೆಯನ್ನು ಸೂಚಿಸುತ್ತದೆಯೇ ಹೊರತು ಹೇಳಿದವರ ಎದೆಯನ್ನು ಅಳೆಯುವುದಿಲ್ಲ.

ಇದರ ನೆರೆಹೊರೆಯ ಪದಗಳನ್ನೂ ಬೇರ್ಪಡಿಸಿ ತಿಳಿಯಬೇಕು. ‘ಫ್ಲ್ಯಾಟ್ಲಿ’ ಎಂಬುದು ಹೆಚ್ಚಾಗಿ ನಿರಾಕರಣೆಯೊಡನೆ ಬರುತ್ತದೆ. ನಮ್ಮ ‘ಖಡಾಖಂಡಿತವಾಗಿ’ ಎಂಬುದು ಅದಕ್ಕೆ ಒಪ್ಪುತ್ತದೆ. ‘ಕೋಲ್ಡ್ಲಿ’ ಎಂದರೆ ಪ್ರೀತಿಯಿಲ್ಲದೆ. ‘ಡೆಡ್‌ಪ್ಯಾನ್’ ಎಂಬುದು ತಾನು ನಗದೆ ಪರರನ್ನು ನಗಿಸುವವನ ಮುಖಭಾವ.

1970ರ ಏಪ್ರಿಲ್ ತಿಂಗಳಲ್ಲಿ ಚಂದ್ರನತ್ತ ಸಾಗಿದ್ದ ಅಪೋಲೋ 13 ನೌಕೆಯಲ್ಲಿ ಆಮ್ಲಜನಕದ ತೊಟ್ಟಿಯೊಂದು ಸಿಡಿಯಿತು. ಭೂಮಿಯು ಮೂರು ಲಕ್ಷ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿತ್ತು. ಒಳಗಿದ್ದ ಮೂವರು ಹ್ಯೂಸ್ಟನ್ ಕೇಂದ್ರಕ್ಕೆ ತೊಂದರೆಯೊಂದು ಉಂಟಾಗಿದೆಯೆಂದು ಸಮಸ್ವರದಲ್ಲಿ ತಿಳಿಸಿದರು. ಅವರಿಗೆ ಪ್ರಾಣದ ಮೇಲೆ ಆಸೆಯಿರಲಿಲ್ಲವೇ? ಇದ್ದುದರಿಂದಲೇ ಮಾತು ಸ್ಪಷ್ಟವಾಗಿರಬೇಕಿತ್ತು. ಮೂವರೂ ಸುರಕ್ಷಿತವಾಗಿ ಮರಳಿದರು.

ನಿಮ್ಮನ್ನು ತಿದ್ದುವ ನಾನೂ ಈ ತಪ್ಪನ್ನು ಮಾಡಿದವನೇ. ಹಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬನು ನಿತ್ಯವೂ ತಡವಾಗಿ ಬರುತ್ತಿದ್ದನು. ಕಾರಣ ಕೇಳಿದೆ. “ತಂದೆಯವರ ಕೆಲಸ ಹೋಗಿದೆ, ಸಾರ್. ಬೆಳಿಗ್ಗೆ ನಾನು ಹಾಲು ಹಂಚಿ ಬರಬೇಕು” ಎಂದನು. ಕಣ್ಣಲ್ಲಿ ನೀರಿಲ್ಲ, ಸ್ವರದಲ್ಲಿ ನಡುಕವಿಲ್ಲ. ಹುಡುಗನು ಒರಟನೆಂದು ಬಗೆದು ಗದರಿಸಿ ನಿಲ್ಲಿಸಿದೆ. ಅವನು ಹೇಳಿದುದು ಅಕ್ಷರಶಃ ನಿಜವೆಂದು ಆಮೇಲೆ ತಿಳಿಯಿತು. ಅತ್ತಿದ್ದರೆ ನಂಬುತ್ತಿದ್ದೆನೇನೋ! ಅಂದಿನ ನಾಚಿಕೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಹಾಗಾದರೆ ಈ ಪದಕ್ಕೆ ಕನ್ನಡದಲ್ಲೇನು? ಒಂದೇ ಪದವನ್ನು ಹುಡುಕಿ ಬಳಲಬೇಕಾಗಿಲ್ಲ. ‘ಇದ್ದುದನ್ನು ಇದ್ದ ಹಾಗೆ’ ಎಂಬ ಮಾತು ನಮ್ಮ ಮನೆಗಳಲ್ಲಿಯೇ ಇದೆ. ‘ತಾಯಿ ತೀರಿಕೊಂಡಳೆಂದು ಇದ್ದುದನ್ನು ಇದ್ದ ಹಾಗೆ ಹೇಳಿದಳು’ ಎಂದು ಬರೆದು ನೋಡಿರಿ. ಬಾಲಕಿಯ ದುಃಖವು ಅವಳಲ್ಲಿಯೇ ಉಳಿಯುತ್ತದೆ, ಓದುವವನಿಗೂ ತಟ್ಟುತ್ತದೆ.

ಎಲ್ಲ ಮಾತನ್ನೂ ಹೀಗೆಯೇ ಆಡಬೇಕೆಂದು ನಾನು ಹೇಳುವುದಿಲ್ಲ. ಗೆಳೆಯನ ದುಃಖದಲ್ಲಿ ಸಂತೈಸುವಾಗ ಸ್ವರವು ಮಿಡಿಯಲೇಬೇಕು. ಆದರೆ ಮನೆಯ ಕಷ್ಟವನ್ನು ಸಮಸ್ವರದಲ್ಲಿ ಹೇಳುವವರು ಈ ನಗರದಲ್ಲಿ ನಿಮ್ಮ ಪಕ್ಕದ ಬೆಂಚಿನಲ್ಲಿಯೇ ಇರಬಹುದು. ಅವರು ಕಣ್ಣೀರಿಡುವವರೆಗೆ ಕಾಯದೆ ಅವರ ಮಾತನ್ನು ನಂಬಿರಿ.