ಮಾರಿದ ಮೇಲೆ ಬಂದ ದೂರು

ಹಳೆಯ ಜರಿ ಸೀರೆಗಳನ್ನು ಕೊಂಡು ಸ್ಟೀಲಿನ ಪಾತ್ರೆ ಕೊಟ್ಟುಹೋಗುತ್ತಿದ್ದ ಹೆಂಗಸು ಬೀದಿಯಲ್ಲಿ ಕೂಗುತ್ತ ಬಂದಳೆಂದರೆ ಒಂದು ಗಂಟೆಯ ಕಾಲ ಮನೆಯ ಜಗಲಿಯೇ ಸಂತೆಯಾಗುತ್ತಿತ್ತು. ಆಕೆ ಸೀರೆಯನ್ನು ಬಿಡಿಸಿ ಬೆಳಕಿಗೆ ಹಿಡಿಯುವಳು; ಸೆರಗಿನ ಜರಿಯನ್ನು ಉಜ್ಜಿ ನೋಡುವಳು; ಎಲ್ಲಿಯೋ ಒಂದು ತೂತನ್ನು ಕಂಡುಹಿಡಿದು ಬೋಗುಣಿಯನ್ನು ಹಿಂದಕ್ಕೆ ಸರಿಸಿ ಲೋಟವನ್ನು ಮುಂದಿಡುವಳು. ಗೃಹಿಣಿಯೂ ಕಡಿಮೆಯವಳಲ್ಲ, ಲೋಟದ ತಳವನ್ನು ಬೆರಳಿನಿಂದ ಬಡಿದು, ಅದರ ಸದ್ದನ್ನು ಕೇಳಿ, ಮೂಗು ಮುರಿದು ಬೋಗುಣಿಯ ಕಡೆಗೇ ಕೈ ತೋರಿಸುವಳು. ಚೌಕಾಸಿ ಎಷ್ಟು ಬಿರುಸಾಗಿ ನಡೆದರೂ, ಗಂಟು ಕಟ್ಟಿ ತಲೆಯ ಮೇಲೆ ಹೊತ್ತೊಡನೆ ವ್ಯಾಪಾರ ಮುಗಿಯಿತು. ಮರುದಿನ ಆಕೆ ಬಂದು ‘ಅಮ್ಮಾ, ನಿಮ್ಮ ಸೀರೆ ಹರಿದಿದೆ’ ಎಂದು ದೂರುವ ಪ್ರಸಂಗ ಒದಗುತ್ತಿರಲಿಲ್ಲ. ಇಬ್ಬರೂ ವಸ್ತುವನ್ನು ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ಒಪ್ಪಿಕೊಂಡಿದ್ದರು.

ಈಗ ಹಳೆಯ ವಸ್ತುಗಳ ಸಂತೆ ಅಂತರಜಾಲಕ್ಕೆ ಏರಿದೆ. ಕೊಳ್ಳುವವನು ನೋಡುವುದು ನಾಲ್ಕಾರು ಚಿತ್ರಗಳನ್ನು. ಮಾರುವವನು ನೋಡುವುದು ಒಂದು ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ. ಈ ವ್ಯಾಪಾರದ ಚರಿತ್ರೆಯ ಮೊದಲ ಪುಟಗಳಲ್ಲಿಯೇ ಒಂದು ಕೆಟ್ಟುಹೋದ ವಸ್ತುವಿರುವುದು ಸ್ವಾರಸ್ಯದ ಸಂಗತಿ. ಮುಂದೆ ‘ಈಬೇ’ ಎಂದು ಹೆಸರಾದ ತಾಣವನ್ನು 1995ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಪಿಯರ್ ಒಮಿಡ್ಯಾರ್ ಅಲ್ಲಿ ಮೊದಲು ಮಾರಿದ್ದು ಒಂದು ಕೆಟ್ಟ ಲೇಸರ್ ಪಾಯಿಂಟರನ್ನು. ಅದಕ್ಕೆ ದೊರೆತ ಬೆಲೆ 14 ಡಾಲರ್ 83 ಸೆಂಟು. ಅದು ಕೆಟ್ಟಿದೆಯೆಂಬುದು ತಿಳಿದಿದೆಯೇ ಎಂದು ಕೊಂಡವನನ್ನು ಕೇಳಿದಾಗ, ತಾನು ಸಂಗ್ರಹಿಸುವುದೇ ಕೆಟ್ಟ ಪಾಯಿಂಟರುಗಳನ್ನು ಎಂದು ಆ ಮಹಾನುಭಾವ ಉತ್ತರಿಸಿದನಂತೆ. ಇಂಥ ಗಿರಾಕಿ ದೊರೆಯಬೇಕಾದರೆ ಪೂರ್ವಜನ್ಮದ ಪುಣ್ಯ ಬೇಕು.

ಹಳೆಯ ವಸ್ತುವಿನ ವ್ಯಾಪಾರದಲ್ಲಿ ಮೋಸ ಏಕೆ ಇಷ್ಟು ಸುಲಭ ಎಂಬುದನ್ನು ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ವಿಚಾರ ಮಾಡಿದರು. ಅವರು ಎತ್ತಿಕೊಂಡ ಉದಾಹರಣೆ ಹಳೆಯ ಮೋಟಾರುಕಾರಿನದು. ಕಾರಿನ ಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದಕಾರಣ ಕೊಳ್ಳುವವನು ಎಲ್ಲ ಕಾರುಗಳನ್ನೂ ಸಂಶಯದಿಂದ ನೋಡಿ ಕಡಿಮೆ ಬೆಲೆ ಹೇಳುತ್ತಾನೆ. ಒಳ್ಳೆಯ ಕಾರಿನವರು ಪೇಟೆಯನ್ನೇ ಬಿಟ್ಟು ಹೋಗುತ್ತಾರೆ. 2001ರಲ್ಲಿ ಅವರು ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ಆದರೆ ಸರಕು ಕೊರಿಯರಿನಲ್ಲಿ ಹೋಗಿ ತಲುಪಿದ ಗಳಿಗೆಯಿಂದ ಈ ಲೆಕ್ಕ ತಲೆಕೆಳಗಾಗುತ್ತದೆ. ಈಗ ವಸ್ತುವೂ ಗುಟ್ಟೂ ಕೊಂಡವನ ಕೈಯಲ್ಲಿವೆ. ಹಣವನ್ನು ಮಾತ್ರ ಹಿಡಿದು ಕುಳಿತ ಮಾರಾಟಗಾರನಿಗೆ ಅಲ್ಲೇನು ನಡೆಯಿತೆಂಬುದು ತಿಳಿಯದು. ಮಾರಿದ ಮೇಲೆ ಬರುವ ಪ್ರತಿಯೊಂದು ದೂರೂ, ನಿಜವಾದದ್ದೂ ಸಹ, ಕೊಂಚ ಸಂಶಯಾಸ್ಪದವಾಗಿ ತೋರುವುದು ಈ ಕಾರಣದಿಂದ.

ಬೆಂಗಳೂರಿನ ಬಸವನಗುಡಿಯ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಮಕ್ಕಳ ಚಿತ್ರ ತೆಗೆಯಲೆಂದು ಯಜಮಾನರು ಹಿಂದೆ ಆಸೆಪಟ್ಟು ಕೊಂಡ ಕ್ಯಾಮೆರಾ, ಮೊಬೈಲುಗಳ ಕಾಲ ಬಂದ ಮೇಲೆ ಬೀರುವಿನಲ್ಲಿ ರೇಷ್ಮೆ ಸೀರೆಗಳ ನೆರೆಯಲ್ಲಿ ಮಲಗಿದೆ. ಅದನ್ನು ಅಂತರಜಾಲದಲ್ಲಿ ಹುಬ್ಬಳ್ಳಿಯವರೊಬ್ಬರಿಗೆ 18,000 ರೂಪಾಯಿಗೆ ಮಾರಿದ್ದಾಯಿತು. ಹಣವೂ ಮುಂಗಡವಾಗಿ ಬಂದಿತು. ಮಗಳ ಹಾಸ್ಟೆಲಿನ ಶುಲ್ಕಕ್ಕೆ ಸಂದಾಯವೂ ಆಯಿತು. ನಾಲ್ಕನೆಯ ದಿನ ರಾತ್ರಿ ಊಟದ ಹೊತ್ತಿಗೆ ಸಂದೇಶ ಬರುತ್ತದೆ: ‘ಸಾರ್, ಲೆನ್ಸ್ ಒಳಗೆ ಫಂಗಸ್ ಇದೆ. ಅರ್ಧ ದುಡ್ಡು ಇವತ್ತೇ ವಾಪಸ್ ಕಳಿಸಿ. ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ.’

ಇಂಥ ಸಂದೇಶ ಬಂದ ಮನೆಯಲ್ಲಿ ಸಾಮಾನ್ಯವಾಗಿ ಮೂರು ಅಭಿಪ್ರಾಯಗಳು ಹುಟ್ಟುತ್ತವೆ. ಯಜಮಾನರಿಗೆ ಸಿಟ್ಟು ನೆತ್ತಿಗೇರುತ್ತದೆ. ತಮ್ಮನ್ನು ಮೋಸಗಾರರೆಂದು ಕರೆದವನಿಗೆ ತಕ್ಕ ಉತ್ತರ ಬರೆಯಬೇಕೆಂದು ಕನ್ನಡಕ ಹುಡುಕುತ್ತಾರೆ. ಗೃಹಿಣಿಗೆ ಪೊಲೀಸ್ ಎಂಬ ಮಾತಿನಿಂದಲೇ ಎದೆ ನಡುಗಿ, ‘ಒಂಬತ್ತು ಸಾವಿರ ಹೋದರೆ ಹೋಗಲಿ, ಕಳಿಸಿಬಿಡಿ’ ಎನ್ನುತ್ತಾಳೆ. ಮಗನಾದರೋ ಊಟದ ತಟ್ಟೆಯಿಂದ ತಲೆಯೆತ್ತದೆ, ‘ಬ್ಲಾಕ್ ಮಾಡಿಬಿಡಪ್ಪ’ ಎಂದು ತೀರ್ಪು ಕೊಡುತ್ತಾನೆ. ಮೂರೂ ಸ್ವಾಭಾವಿಕ, ಮೂರೂ ತಪ್ಪು. ಸಿಟ್ಟಿನ ಪತ್ರ ನಾಳೆ ಬೇರೊಬ್ಬರ ಕೈಯಲ್ಲಿ ಸಾಕ್ಷಿಯಾಗುತ್ತದೆ. ಹೆದರಿ ಕಳುಹಿಸಿದ ಹಣ ವಂಚಕನ ಕೈಗೆ ಸೇರಿದರೆ, ವಾರ ಕಳೆಯುವುದರೊಳಗೆ ಆತನಿಗೆ ಎರಡನೆಯ ದೋಷವೂ ಕಾಣಿಸುತ್ತದೆ. ಬ್ಲಾಕ್ ಮಾಡುವುದಂತೂ, ದೂರು ನಿಜವಾಗಿದ್ದ ಪಕ್ಷದಲ್ಲಿ, ತಾನೇ ಕಳ್ಳನೆಂದು ಒಪ್ಪಿಕೊಂಡಂತೆ.

ದೂರು ನಿಜವಾಗಿರಬಹುದೆಂಬ ಮಾತನ್ನು ಮನೆಯವರಾರೂ ಯೋಚಿಸಿಲ್ಲವೆಂಬುದು ಗಮನಿಸತಕ್ಕ ವಿಷಯ. ಲೆನ್ಸಿನ ಗಾಜುಗಳ ನಡುವೆ ಬೆಳೆಯುವ ಫಂಗಸ್ ಎಂಬುದು ಉಪ್ಪಿನಕಾಯಿಯ ಜಾಡಿಯ ಬೂಷ್ಟಿನ ಜಾತಿಯದೇ. ಅದಕ್ಕೆ ತೇವ ಬೇಕು, ಕತ್ತಲೆ ಬೇಕು, ಗಾಳಿಯಾಡದ ಜಾಗ ಬೇಕು. ಮಳೆಗಾಲದ ಬೀರು ಇವೆಲ್ಲವನ್ನೂ ಧಾರಾಳವಾಗಿ ಒದಗಿಸುತ್ತದೆ. ಹೊರಗಿನಿಂದ ನೋಡಿದರೆ ಗಾಜು ನಿರ್ಮಲ. ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಹಿಡಿದು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿದಾಗಲೇ ಜೇಡರ ಬಲೆಯಂಥ ಎಳೆಗಳು ಕಾಣುವುದು. ಮಾರುವ ಮುನ್ನ ಹಾಗೆ ನೋಡುವ ಗೃಹಸ್ಥರು ಎಷ್ಟು ಮಂದಿ?

ಇನ್ನೊಂದು ಮಾತೂ ಇದರಿಂದ ಹೊರಡುತ್ತದೆ. ಈ ಬೂಷ್ಟು ನಾಲ್ಕು ದಿನಗಳಲ್ಲಿ ಬೆಳೆಯುವಂಥದಲ್ಲ. ವಾರಗಳು, ತಿಂಗಳುಗಳು ಬೇಕು. ಹಾಗಾದರೆ ಹುಬ್ಬಳ್ಳಿಯಲ್ಲಿ ಕಂಡದ್ದು ಅದೇ ಲೆನ್ಸಿನಲ್ಲಿ ಎಂದಾದರೆ, ಅದು ಬಸವನಗುಡಿಯ ಬೀರುವಿನಲ್ಲಿಯೇ ಬೆಳೆದದ್ದು. ಇಡೀ ಜಗಳ ಈಗ ಒಂದೇ ಪ್ರಶ್ನೆಗೆ ಇಳಿಯಿತು: ಅದು ಅದೇ ಲೆನ್ಸೇ? ತನ್ನ ಬಳಿಯಿದ್ದ ಕೆಟ್ಟ ಲೆನ್ಸನ್ನು ತೋರಿಸಿ ಒಳ್ಳೆಯದನ್ನು ಉಳಿಸಿಕೊಳ್ಳುವ ಚತುರರು ಇಲ್ಲದಿಲ್ಲ. ಅದೃಷ್ಟವಶಾತ್ ಲೆನ್ಸಿನ ಮೇಲೆ ಕ್ರಮಸಂಖ್ಯೆಯಿರುತ್ತದೆ, ಕ್ಯಾಮೆರಾದ ತಳದಲ್ಲಿ ಬೇರೊಂದು ಸಂಖ್ಯೆಯಿರುತ್ತದೆ. ಕೊಂಡಾಗಿನ ರಸೀದಿಯಲ್ಲಿಯೋ ಡಬ್ಬಿಯ ಮೇಲೆಯೋ ಅವು ಸಿಕ್ಕಬಹುದು. ಸಿಕ್ಕದಿದ್ದರೂ ದಾರಿಯಿದೆ: ಅನೇಕ ಕ್ಯಾಮೆರಾಗಳು ತೆಗೆದ ಪ್ರತಿಯೊಂದು ಚಿತ್ರದ ಕಡತದೊಳಗೆ ತಮ್ಮ ಕ್ರಮಸಂಖ್ಯೆಯನ್ನು, ಕೆಲವು ಲೆನ್ಸಿನ ಸಂಖ್ಯೆಯನ್ನೂ, ಗುಟ್ಟಾಗಿ ಬರೆದಿಡುತ್ತವೆ. ಹತ್ತು ವರ್ಷದ ಹಿಂದೆ ಮಗಳ ಹುಟ್ಟುಹಬ್ಬದಲ್ಲಿ ತೆಗೆದ ಚಿತ್ರ ಕಂಪ್ಯೂಟರಿನಲ್ಲಿ ಉಳಿದಿದ್ದರೆ ಅದೇ ಸಾಕ್ಷಿ ಹೇಳೀತು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದ ಪ್ರತಿಯಲ್ಲಿ ಮಾತ್ರ ಈ ಬರಹ ಅಳಿಸಿಹೋಗಿರುತ್ತದೆ. ಮೂಲ ಕಡತವೇ ಬೇಕು. ಮೊಬೈಲಾದರೆ ಹದಿನೈದು ಅಂಕೆಗಳ ಐಎಂಇಐ ಸಂಖ್ಯೆ ಇದೇ ಕೆಲಸವನ್ನು ಮಾಡುತ್ತದೆ.

ಆದುದರಿಂದ ಕಳುಹಿಸಬೇಕಾದ ಉತ್ತರ ಚಿಕ್ಕದು. ‘ತಮ್ಮ ಸಂದೇಶ ತಲುಪಿತು. ಮಾರುವಾಗ ಈ ದೋಷ ನಮ್ಮ ಗಮನಕ್ಕೆ ಬಂದಿರಲಿಲ್ಲ. ಲೆನ್ಸಿನ ಕ್ರಮಸಂಖ್ಯೆಯೂ ಒಳಗಿನ ದೋಷವೂ ಒಟ್ಟಿಗೆ ಕಾಣುವಂತೆ, ನಡುವೆ ನಿಲ್ಲಿಸದೆ ತೆಗೆದ ಒಂದು ವಿಡಿಯೋವನ್ನು ದಯವಿಟ್ಟು ಕಳುಹಿಸಿರಿ. ನೋಡಿದ ಬಳಿಕ ಉತ್ತರಿಸುತ್ತೇವೆ.’ ಇದರಲ್ಲಿ ಆರೋಪವಿಲ್ಲ, ತಪ್ಪೊಪ್ಪಿಗೆಯಿಲ್ಲ, ಹಣದ ಸೊಲ್ಲೂ ಇಲ್ಲ. ಎರಡನೆಯ ವಾಕ್ಯವನ್ನು ಅದು ನಿಜವಾಗಿದ್ದರೆ ಮಾತ್ರ ಬರೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ. ಮಾರಾಟದ ಮಾತುಕತೆ ಯಾವ ತಾಣದಲ್ಲಿ ನಡೆಯಿತೋ ಉತ್ತರವೂ ಅಲ್ಲಿಯೇ ಹೋಗಬೇಕು. ‘ಕಾಲ್ ಮಾಡಿ, ಮಾತಾಡಿ ಮುಗಿಸೋಣ’ ಎಂಬ ಆಹ್ವಾನವನ್ನು ವಿನಯದಿಂದ ನಿರಾಕರಿಸುವುದು ಒಳಿತು. ಬಾಯಿಮಾತಿಗೆ ಎರಡು ನೆನಪುಗಳಿರುತ್ತವೆ.

ವಿಡಿಯೋ ಬಂದು, ಸಂಖ್ಯೆ ತಾಳೆಯಾಗಿ, ಎಳೆಗಳು ಕಂಡರೆ ನಷ್ಟವನ್ನು ಹೊರತಕ್ಕವರು ಯಾರೆಂಬುದು ಸ್ಪಷ್ಟ. ಶುಲ್ಕ ಕಟ್ಟಿ ಬರಿದಾದ ಕೈಯಲ್ಲಿ ಅದು ಕಹಿಯೇ. ಆದರೆ ಹುಬ್ಬಳ್ಳಿಯವರೂ ತಿಂಗಳ ಸಂಬಳದಲ್ಲಿ ಉಳಿಸಿ ಕೊಂಡವರಿರಬಹುದು. ಆಗ ಹೇಳಬೇಕಾದ ಮಾತು ಒಂದೇ: ‘ವಸ್ತುವನ್ನು ಹಿಂದಕ್ಕೆ ಕಳುಹಿಸಿರಿ, ತಲುಪಿ ಪರೀಕ್ಷಿಸಿದೊಡನೆ ಪೂರ್ತಿ ಹಣವನ್ನು ಮರಳಿಸುತ್ತೇವೆ.’ ಕಳುಹಿಸುವ ವೆಚ್ಚವನ್ನೂ ತಾವೇ ಭರಿಸುವುದಾಗಿ ಹೇಳಿದರೆ ಇನ್ನೂ ಚೆನ್ನ. ಪ್ರಾಮಾಣಿಕನಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ. ಲೆನ್ಸನ್ನು ಶುಚಿಮಾಡಿಸಿಕೊಂಡು ಇಟ್ಟುಕೊಳ್ಳುವೆನೆಂದು ಆತನೇ ಹೇಳಿದರೆ, ರಿಪೇರಿಯವನ ರಸೀದಿ ನೋಡಿ ಆ ಮೊತ್ತವನ್ನು ಕೊಟ್ಟು, ವ್ಯವಹಾರ ಮುಗಿಯಿತೆಂದು ಬರೆಸಿಕೊಳ್ಳಬಹುದು. ವಂಚಕನಿಗೆ ಮಾತ್ರ ಪೂರ್ತಿ ಹಣದ ಈ ಔದಾರ್ಯ ಹಿಡಿಸುವುದಿಲ್ಲ. ಅವನಿಗೆ ಬೇಕಾದದ್ದು ಕ್ಯಾಮೆರಾವೂ ಹೌದು, ಅರ್ಧ ಹಣವೂ ಹೌದು. ಕೊರಿಯರ್ ಅಂಗಡಿ ದೂರವೆಂದೋ, ನಾಳೆಯೇ ಊರಿಗೆ ಹೊರಟಿರುವೆನೆಂದೋ, ಡಬ್ಬಿ ಎಸೆದುಬಿಟ್ಟೆನೆಂದೋ ನೆವ ಹೇಳುತ್ತಾನೆ. ಕೇಳಿದ ವಿಡಿಯೋ ಎರಡು ದಿನವಾದರೂ ಬಾರದೆ ಬೆದರಿಕೆ ಮಾತ್ರ ಬರುತ್ತಿದ್ದರೆ, ಅದೇ ಉತ್ತರವನ್ನು ಇನ್ನೊಮ್ಮೆ ಕಳುಹಿಸಿ ಸುಮ್ಮನಿರಬಹುದು.

ಹಿಂದಕ್ಕೆ ಬಂದ ಪೊಟ್ಟಣದಲ್ಲಿ ಬೇರೆಯ ವಸ್ತುವಿರುವ ಅಪಾಯವೂ ಉಂಟು. ಕಳುಹಿಸುವಾಗ ಕೊಟ್ಟ ರಸೀದಿಯಲ್ಲಿ ತೂಕ ನಮೂದಾಗಿದ್ದರೆ, ಬಂದ ಪೊಟ್ಟಣವನ್ನು ತೂಗಿ ನೋಡಬಹುದು; 1,200 ಗ್ರಾಂ ಹೋದದ್ದು 700 ಗ್ರಾಂ ಆಗಿ ಬಂದರೆ ಬಿಚ್ಚುವ ಮೊದಲೇ ಅರ್ಧ ಕಥೆ ತಿಳಿಯಿತು. ಪೊಟ್ಟಣವನ್ನು ಕಟ್ಟುವಾಗಲೂ ಬಿಚ್ಚುವಾಗಲೂ ವಿಡಿಯೋ ತೆಗೆಯುವುದು ಮಗನಿಗೆ ಒಪ್ಪಿಸತಕ್ಕ ಕೆಲಸ. ಹೇಗೂ ಮೊಬೈಲು ಅವನ ಕೈಯಲ್ಲಿಯೇ ಇರುತ್ತದೆ.

ಪೊಲೀಸ್ ದೂರಿನ ಬೆದರಿಕೆಗೆ ಗೃಹಿಣಿ ಹೆದರಿದ್ದು ಸಹಜ. ಆದರೆ ಕಾನೂನು ಇಲ್ಲಿ ಅಷ್ಟು ಕ್ರೂರವಾಗಿಲ್ಲ. ಭಾರತದ ಸರಕು ಮಾರಾಟ ಕಾಯಿದೆ 1930ರದು. ಅದರ 15ನೆಯ ಕಲಮಿನಂತೆ ವರ್ಣನೆ ಕೊಟ್ಟು ಮಾರಿದ ಸರಕು ಆ ವರ್ಣನೆಗೆ ತಕ್ಕಂತಿರಬೇಕು. 16ನೆಯ ಕಲಮಿನಂತೆ, ಸರಕಿನ ಗುಣದ ಬಗ್ಗೆ ಹೇಳದೆಯೇ ಬರುವ ಹೊಣೆ ಮುಖ್ಯವಾಗಿ ಆ ಬಗೆಯ ಸರಕಿನ ವ್ಯಾಪಾರ ಮಾಡುವವನ ಮೇಲಿದೆ, ಒಂದು ಹಳೆಯ ಕ್ಯಾಮೆರಾವನ್ನು ಮಾರಿದ ಗೃಹಸ್ಥನ ಮೇಲಲ್ಲ. 2020ರ ಇ-ವಾಣಿಜ್ಯ ನಿಯಮಗಳೂ ಹಾಗೆಯೇ, ನಿಯತವಾದ ವ್ಯಾಪಾರವಲ್ಲದೆ ಸ್ವಂತಕ್ಕೆ ಏನನ್ನೋ ಮಾರುವ ವ್ಯಕ್ತಿಯನ್ನು ಹೊರಗಿಟ್ಟಿವೆ. ಇದನ್ನು ಓದಿ ಯಜಮಾನರು ಮೀಸೆ ತಿರುವಬೇಕಾಗಿಲ್ಲ. ‘ಲೆನ್ಸ್ ಹೊಸದರಂತಿದೆ’ ಎಂದು ಜಾಹೀರಾತಿನಲ್ಲಿ ಬರೆದಿದ್ದರೆ ಆ ಮಾತು ಅವರ ಕುತ್ತಿಗೆಗೇ ಬರುತ್ತದೆ. ದೋಷ ತಿಳಿದೂ ಮುಚ್ಚಿಟ್ಟರೆ 1872ರ ಕರಾರು ಕಾಯಿದೆ ಅದನ್ನು ವಂಚನೆಯೆಂದೇ ಕರೆಯುತ್ತದೆ. ತಿಳಿಯದೆ ಉಳಿದ ದೋಷ ಮಾತ್ರ ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯದ ವಿಷಯ. ಮೊದಲಿನಿಂದಲೇ ಮೋಸದ ಉದ್ದೇಶವಿಲ್ಲದೆ ಅಪರಾಧವಾಗುವುದಿಲ್ಲ. ಅಂದಹಾಗೆ, ವಂಚಕರಿಗೆ ಜನ ಕೊಟ್ಟಿದ್ದ ‘ಫೋರ್ ಟ್ವೆಂಟಿ’ ಬಿರುದು ಕಾನೂನಿನ ಆಧಾರವನ್ನೇ ಕಳೆದುಕೊಂಡಿದೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಆ ಅಪರಾಧ 318ನೆಯ ಕಲಮಿಗೆ ಸೇರಿತು. ಜನರ ನಾಲಿಗೆಯಲ್ಲಿ ಹಳೆಯ ಸಂಖ್ಯೆಯೇ ಉಳಿದೀತು. 318ಕ್ಕೆ ಬೈಗುಳದ ಲಯವಿಲ್ಲ.

ಇನ್ನು ಕೆಲವು ದೂರುಗಳು ದೂರುಗಳೇ ಅಲ್ಲ. ‘ತಪ್ಪಿ ಹೆಚ್ಚು ಹಣ ಕಳಿಸಿಬಿಟ್ಟೆ, ಮಿಕ್ಕದ್ದು ವಾಪಸ್ ಕೊಡಿ’ ಎಂದು ಒಂದು ಚಿತ್ರವನ್ನು ತೋರಿಸುವವನಿಗೆ ಉತ್ತರ ಕೊಡುವ ಮೊದಲು ಬ್ಯಾಂಕಿನ ಖಾತೆಯನ್ನೇ ನೋಡಬೇಕು, ಎಸ್ಸೆಮ್ಮೆಸ್ಸನ್ನಲ್ಲ. ಹಣ ಪಡೆಯಲು ಕ್ಯೂಆರ್ ಚೌಕವನ್ನು ಸ್ಕ್ಯಾನ್ ಮಾಡಬೇಕಾಗಿಲ್ಲ, ಯುಪಿಐ ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆಂದರೆ ಹಣ ಹೊರಗೆ ಹೋಗುತ್ತಿದೆ. 2025ರ ಅಕ್ಟೋಬರಿನಿಂದ ವ್ಯಕ್ತಿಯಿಂದ ವ್ಯಕ್ತಿಗೆ ‘ಹಣ ಕೊಡಿ’ ಎಂಬ ಕೋರಿಕೆ ಕಳುಹಿಸುವ ಸೌಕರ್ಯವನ್ನು ಯುಪಿಐಯಲ್ಲಿ ನಿಲ್ಲಿಸಲಾಯಿತು; ಕ್ಯೂಆರಿನ ಆಟ ಅದರಿಂದ ನಿಲ್ಲುವುದಿಲ್ಲ. ಹಣ ಹೋದುದು ತಿಳಿದೊಡನೆ 1930 ಎಂಬ ಸಹಾಯವಾಣಿಗೆ ಕರೆಮಾಡಬೇಕು; ತಡಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರುತ್ತ ಹೋಗುತ್ತದೆ. ಸರಕು ಮಾರಾಟ ಕಾಯಿದೆಯ ಇಸವಿಯೂ ಇದೇ ಆದುದರಿಂದ ಸಂಖ್ಯೆ ಮರೆಯುವ ಭಯವಿಲ್ಲ.

ಅಮೆರಿಕದಲ್ಲಿ ನೆಲೆಸಿ ಈಬೇಯಲ್ಲಿ ಹಳೆಯ ವಸ್ತು ಮಾರುವ ಕನ್ನಡಿಗರ ಪಾಡು ಬೇರೆ. ಅಲ್ಲಿ ನಡುವೆ ನ್ಯಾಯ ಹೇಳಲು ತಾಣವೇ ಇದೆ, ಆದರೆ ಅದು ಕೊಳ್ಳುವವನ ಕಡೆಗೆ ವಾಲುತ್ತದೆ: ವರ್ಣನೆಗೆ ತಕ್ಕಂತಿಲ್ಲವೆಂದು ದೂರಲು ಆತನಿಗೆ 30 ದಿನ, ಉತ್ತರಿಸಲು ಮಾರಾಟಗಾರನಿಗೆ ಕೆಲಸದ 3 ದಿನ. ಕೊಂಡವನ ಬಗ್ಗೆ ಕೆಟ್ಟ ಅಭಿಪ್ರಾಯ ಬರೆಯುವ ಹಕ್ಕನ್ನೂ 2008ರಲ್ಲಿ ಮಾರಾಟಗಾರರಿಂದ ಕಿತ್ತುಕೊಂಡರು. ನಮ್ಮಲ್ಲಿನ ಜಾಹೀರಾತು ತಾಣಗಳಲ್ಲಿ ಇಬ್ಬರೇ ಮಾತಾಡಿ ಹಣ ಕೊಟ್ಟು ತೆಗೆದುಕೊಂಡಾಗ ಇಂಥ ಮಧ್ಯಸ್ಥನಿಲ್ಲ; ಉಳಿಯುವುದು ಕೈಯಲ್ಲಿರುವ ದಾಖಲೆ.

ಆ ದಾಖಲೆಯನ್ನು, ಎಂದರೆ ಜಾಹೀರಾತಿನ ಪ್ರತಿ, ಸಂದೇಶಗಳು, ಕೊರಿಯರಿನ ರಸೀದಿ, ಎರಡು ವಿಡಿಯೋಗಳನ್ನು, ವ್ಯವಹಾರ ಮುಗಿಯಿತೆಂದು ಅಳಿಸಿಹಾಕುವ ಆತುರ ಬೇಡ. ಇಂಥ ಕರಾರಿನ ಮೇಲೆ ದಾವೆ ಹೂಡಲು ಕಾನೂನು ಕೊಡುವ ಅವಧಿ ಮೂರು ವರ್ಷ. ಅಷ್ಟು ಕಾಲ ಅವು ಕಂಪ್ಯೂಟರಿನ ಒಂದು ಮೂಲೆಯಲ್ಲಿ, ಮಗಳ ಹುಟ್ಟುಹಬ್ಬದ ಚಿತ್ರಗಳ ಪಕ್ಕದಲ್ಲಿ, ಇದ್ದರೆ ಯಾರಿಗೂ ಭಾರವಾಗುವುದಿಲ್ಲ.