ಇನ್ಸುಲಿನ್ ಅಭಾವ: ಗಡಿನಾಡಿಗರಿಗೆ ಎಚ್ಚರಿಕೆ

ಪೆನ್ನಿನಲ್ಲಿ ಹಾಕುವ ಮಾನವ ಇನ್ಸುಲಿನ್ ಕಾರ್ಟ್ರಿಜ್‌ಗಳನ್ನು ಭಾರತದಲ್ಲಿ ಹಂತಹಂತವಾಗಿ ನಿಲ್ಲಿಸಲು ನೋವೋ ನಾರ್ಡಿಸ್ಕ್ ಕಂಪೆನಿ 2025ರಲ್ಲಿ ನಿರ್ಧರಿಸಿತು. ಇನ್ಸುಲಿನ್ ಒಂದು ಹಾರ್ಮೋನು. ಸಕ್ಕರೆ ಕಾಯಿಲೆಯ ಕೆಲವರು ಅದನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಅಂಗಡಿಯಲ್ಲಿ 'ಇಲ್ಲ' ಎಂದೊಡನೆ ಸಿಕ್ಕಿದ್ದನ್ನು ಕೊಳ್ಳುವ ಆತುರ ಹುಟ್ಟುವುದು ಇದರಿಂದಲೇ.

ತೆಲಂಗಾಣದ ನಾರಾಯಣಪೇಟೆ, ಮಖ್ತಲ್, ಗದ್ವಾಲ್‌ಗಳ ಕನ್ನಡ ಮನೆಗಳವರು ಇಂಥ ವೇಳೆ ರಾಯಚೂರಿನತ್ತ ನೋಡುವುದು, ನಾವು ಮಂಗಳೂರಿನತ್ತ ನೋಡುವಷ್ಟೇ ಸಹಜ. ಗಡಿ ದಾಟುವುದು ತಪ್ಪಲ್ಲ, ಅಪಾಯವಿರುವುದು ಅಳತೆಯಲ್ಲಿ. ಕಾರ್ಟ್ರಿಜ್‌ನಲ್ಲಿ ಮಿಲಿಲೀಟರಿಗೆ 100 ಯೂನಿಟ್; ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಯಲ್ಲಿ 40. ಸಿರಿಂಜುಗಳೂ ಬೇರೆ: 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. 40ರ ಸಿರಿಂಜಿನಲ್ಲಿ 100ರ ಔಷಧಿಯನ್ನು 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು 50 ಯೂನಿಟ್. ಸಕ್ಕರೆ ಕುಸಿದು ಪ್ರಜ್ಞೆ ತಪ್ಪೀತು, ಪ್ರಾಣಕ್ಕೂ ಕುತ್ತು ಬಂದೀತು. ಅದಲುಬದಲಾದರೆ 20ರ ಬದಲು ಸಿಗುವುದು 8 ಮಾತ್ರ.

ಇನ್ನೊಂದು ಭಯ ಬಿಸಿಲಿನದು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆ ಸೀಮೆಯಲ್ಲಿ ಬಸ್ಸಿನ ಚೀಲದಲ್ಲಿ ತಂದದ್ದು ನೋಡಲು ಸರಿಯಿದ್ದರೂ ಶಕ್ತಿ ಕಳೆದುಕೊಂಡಿರಬಹುದು. ಬಿಲ್ಲಿಲ್ಲದೆ ಕೈಯಿಂದ ಕೈಗೆ ಬಂದದ್ದು ಎಲ್ಲೆಲ್ಲಿ ಬಿದ್ದಿತ್ತೋ, ಬಲ್ಲವರಾರು?

ಬೆಂಗಳೂರಿನ ಬಯೋಕಾನ್ ಸಹಿತ ದೇಶದ ಕಂಪೆನಿಗಳ ಬಾಟಲಿ ಇನ್ಸುಲಿನ್ ಇದೆ. ಆದರೆ ಬದಲಾವಣೆ ವೈದ್ಯರ ಮಾತಿನಂತೆಯೇ ಆಗಲಿ. ಲೇಬಲ್ಲು ಇಂಗ್ಲಿಷಿನಲ್ಲಿ, ಅಂಗಡಿಯವರ ಮಾತು ತೆಲುಗಿನಲ್ಲಿ. ಕನ್ನಡವಷ್ಟೇ ಬಲ್ಲ ಹಿರಿಯರಿಗೆ ಮನೆಯ ಮಕ್ಕಳು ಆ ಸಂಖ್ಯೆಗಳನ್ನು ಓದಿ ಹೇಳಲಿ. ಅಲ್ಪಸಂಖ್ಯಾತರ ಭಾಷೆಯಲ್ಲಿ ಸೂಚನೆ ಕೊಡುವುದು ಸರಕಾರದ ಕರ್ತವ್ಯವೆಂದೇ ನಾವು ಭಾವಿಸುತ್ತೇವೆ.